'ಟೆಲ್' ಪಕ್ಕದ ಖಾಲಿ ಜಾಗ

ಡಂಗ್ಯಾನನ್ ಊರಿನಲ್ಲಿ, ಗುರುವಾರ ಸಂಜೆ ಏಳಕ್ಕೆ,
ಗ್ರಂಥಾಲಯದ ಮಹಡಿಯ ಕೋಣೆಯಲ್ಲಿ
ನಾವು ಹನ್ನೊಂದು ಮಂದಿ.
ಕೋಳಿ ಕಾರ್ಖಾನೆಯ ಬ್ಲೀಚಿನ ವಾಸನೆ
ಬೆರಳ ಸಂದಿಯಿಂದ ಇನ್ನೂ ಇಳಿದಿಲ್ಲ.
ಹೀಟರ್ ಕೆಮ್ಮುತ್ತದೆ. ಐರೀನ್ ಟೀಚರ್
ಬಿಳಿ ಹಲಗೆಯ ಮೇಲೆ ಹಸಿರು ಪೆನ್ನಲ್ಲಿ ಬರೆಯುತ್ತಾರೆ:
ಸೇ. ಟೆಲ್.

ಎರಡೂ ಹೇಳುವುದೇ. ಆದರೆ
'ಸೇ' ಒಂಟಿಜೀವ, ಗೋಡೆಗೆ ಮುಖ ಮಾಡಿಯೂ ಬದುಕೀತು.
'ಟೆಲ್'ಗೆ ಎದುರಿಗೆ ಒಬ್ಬರು ಕೂತಿರಬೇಕು.
ಏನು ಅನ್ನುವುದನ್ನು ಬಿಟ್ಟರೂ ನಡೆಯುತ್ತದೆ,
ಯಾರಿಗೆ ಅನ್ನುವುದನ್ನು ಬಿಡಬೇಡಿ,
ಎಂದು 'ಐ ಟೋಲ್ಡ್' ಪಕ್ಕ
ಒಂದು ಉದ್ದ ಗೆರೆ ಎಳೆದರು.
ತುಂಬಿ.

ಅಗಸ್ಟಿನ್ಯೊ ತುಂಬಿದ:
ಫೋರ್‌ಮನ್‌ಗೆ ಹೇಳಿದೆ, ಚಾಕು ಮೊಂಡಾಗಿದೆ ಅಂತ.
ನಿಜವಾಗಿ ಹೇಳಿದೆಯಾ?
ಇಲ್ಲ ಟೀಚರ್, ಇದು ವ್ಯಾಕರಣ.

ಲಿಥುವೇನಿಯಾದ ಗಿಂತಾರೆ ಗಂಡನಿಗೆ ಸುಳ್ಳು ಹೇಳಿದಳು,
ಸುಳ್ಳಿಗೆ 'ಸೇ' ಯಾಕೆ ಆಗದು ಎಂದು ಜಗಳಕ್ಕೇ ನಿಂತಳು.
ಸುಳ್ಳಿಗೂ ಒಂದು ಕಿವಿ ಬೇಕಲ್ಲಮ್ಮ, ಅಂದರು ಟೀಚರ್.

ನಾನು ಅಜ್ಜಿಯನ್ನು ನೆನೆದೆ. ಬಾವ್‌ಕಾವ್‌ನ ಗದ್ದೆಯಂಚಲ್ಲಿ
ಎಮ್ಮೆಗೆ ದಿನದ ವರದಿ ಒಪ್ಪಿಸುತ್ತಿದ್ದವಳು.
ಎಮ್ಮೆ ಲೆಕ್ಕಕ್ಕೆ ಬರುತ್ತದಾ, ಕೇಳಿದೆ.
ಕಿವಿ ಅಲ್ಲಾಡಿಸಿದರೆ ಬರುತ್ತದೆ.

ಅಷ್ಟರಲ್ಲಿ ಬಾಗಿಲಲ್ಲಿ ಡೆಸಿ,
ನೆಲ ಒರೆಸುವ ಬಕೆಟ್ ಹಿಡಿದು, ಒಂದು ಕಾಲು ಒಳಗೆ:
ನಮ್ಮೂರಲ್ಲಿ ಟೆಲ್‌ಗೆ ಇನ್ನೊಂದು ಕೆಲಸ ಇದೆ ಕಣಮ್ಮ.
ಓದಿದ ಶಾಲೆ ಯಾವುದು, ಅಪ್ಪನ ಅಡ್ಡಹೆಸರೇನು,
ಎಚ್ ಅಕ್ಷರಕ್ಕೆ ಏಚ್ ಅಂತಾನೋ ಹೇಚ್ ಅಂತಾನೋ,
ಸಾಕು, ಯಾವ ಚರ್ಚಿನವನು ಅಂತ
ವಿ ಕ್ಯಾನ್ ಟೆಲ್.
ತುಟಿ ಪಿಟಕ್ಕೆನ್ನದವನೂ ಹೇಳಿಬಿಟ್ಟಿರುತ್ತಾನೆ.

ನಾನು?
ನಿನ್ನನ್ನು ಯಾವ ಡಬ್ಬಿಗೆ ಹಾಕೋದೋ
ನಮಗೆ ಇನ್ನೂ ಬಗೆಹರಿದಿಲ್ಲ ಮಗಳೇ, ಎಂದು ನಕ್ಕ.
ಎಲ್ಲರೂ ನಕ್ಕೆವು.
ಕೊರಳಿನ ಶಿಲುಬೆಯನ್ನು ಸ್ವೆಟರಿನೊಳಕ್ಕೆ ಸರಿಸಿದೆ.
ಯಾಕೋ, ಗೊತ್ತಿಲ್ಲ.
ಐರೀನ್ ಎಂಬ ಹೆಸರು ಯಾವ ಕಡೆಯದು
ಎಂದು ಮೊದಲ ಸಲ ಯೋಚಿಸಿದೆ, ಆಮೇಲೆ ನಾಚಿದೆ.

ಅಗಸ್ಟಿನ್ಯೊ ಪುಸ್ತಕದ ಮೂಲೆಯಿಂದ
ಒಂದು ಸಣ್ಣ ಅಕ್ಷರದ ಸಾಲು ಹೆಕ್ಕಿದ:
ಟೆಲ್ ಆನ್ ಅಂದರೇನು ಟೀಚರ್?

ಹಸಿರು ಪೆನ್ನು ಹಲಗೆಯ ಮೇಲೆ
ಒಂದು ಚುಕ್ಕೆ ಇಟ್ಟು ಅಲ್ಲೇ ನಿಂತಿತು.
ಚಾಡಿ ಹೇಳುವುದು. ಮಕ್ಕಳ ಮಾತು ಅದು.
ಡೆಸಿ ಬಕೆಟ್ ಎತ್ತಿಕೊಂಡು ಹೋದ.
ಅವನ ನೀರು ಮೆಟ್ಟಿಲುದ್ದಕ್ಕೂ ತುಳುಕಿದ್ದು ಕೇಳಿಸಿತು.
ಪೆನ್ನಿನ ಮುಚ್ಚಳ ಟಪ್ ಎಂದಿತು.
ಮುಂದಿನ ಪುಟ.

ಎಂಟೂ ನಲವತ್ತರ ಬಸ್ಸು ಅವತ್ತು ಬರಲಿಲ್ಲ.
ನಿಲ್ದಾಣದ ಗಾಜಿಗೆ ಹಿಮದ ಪೊರೆ.
ಟೀಚರ್ ಬಂದು ಪಕ್ಕ ಕೂತರು, ಕಾರಿದ್ದರೂ.
ಕೈಗವಸು ತೆಗೆದರು, ಹಾಕಿಕೊಂಡರು, ತೆಗೆದರು.
ಆಗ ನನಗೆ ಒಂಬತ್ತು ವರ್ಷ, ಎಂದರು.
ಮಹಡಿಯ ಕಿಟಕಿ, ಎಂದರು.
ಹೊಟ್ಟೆಯಲ್ಲಿಟ್ಟುಕೋ ಅಂದಿದ್ದ ಅಪ್ಪ
ತೀರಿಹೋಗಿ ಹದಿನೇಳು ವರ್ಷ.

ನನಗೆ ಅರ್ಧ ಅರ್ಥವಾಯಿತು.
ಅರ್ಧವೇ ಆಗಲಿ ಎಂದು ನನ್ನನ್ನು ಆರಿಸಿದರೋ ಏನೋ.
ಭೂತಕಾಲದ ರೂಪಗಳು ಬೇಗ ಬೇಗ ಬರುತ್ತಿದ್ದವು,
ಪುಸ್ತಕದಲ್ಲಿ ಅವು ಹನ್ನೆರಡನೇ ಪಾಠ, ನಾವಿನ್ನೂ ಏಳರಲ್ಲಿ.
ನಾನು ಅಲ್ಲಾಡಲಿಲ್ಲ.
ಆಮೇಲೆ ಅಜ್ಜಿಯ ಎಮ್ಮೆ ನೆನಪಾಗಿ
ತಲೆಯಾಡಿಸಿದೆ.

ಮನೆಗೆಲಸ: ಟೆಲ್ ಬಳಸಿ ಐದು ವಾಕ್ಯ.
ಬೆಲೆ ಎಷ್ಟು ಹೇಳಿ.
ಗಂಟೆ ಎಷ್ಟಾಯಿತು ಹೇಳಬಲ್ಲೆ.
ಅವಳಿಗಳಲ್ಲಿ ಯಾರು ಯಾರೆಂದು ಹೇಳಲಾರೆ.
ಅಮ್ಮನಿಗೆ ಫೋನಿನಲ್ಲಿ ಎಲ್ಲ ಚೆನ್ನಾಗಿದೆ ಅಂತ ಹೇಳಿದೆ.
ಐದನೆಯದು: ಶಿ ಟೋಲ್ಡ್ ಮಿ.

ಅಷ್ಟೇ. ಕರ್ತೃ ಇದೆ, ಕ್ರಿಯೆ ಇದೆ,
ಯಾರಿಗೆ ಎಂಬುದೂ ಇದೆ.

ಹಾಳೆ ವಾಪಸು ಬಂತು, ಐದಕ್ಕೂ ಹಸಿರು ಗುರುತು.
ಕೊನೆಯದನ್ನು ಮಾತ್ರ ಒತ್ತಿ ಎಳೆದಿದ್ದರು.
ಹಾಳೆ ತಿರುಗಿಸಿ ಹಿಂಬದಿ ಸವರಿದರೆ
ಬೆರಳಿಗೆ ತಾಕುತ್ತದೆ.