ಶಿಕ್ಕೆ ಒಣಗುವವರೆಗೆ

ರಾಯ್ಕರ ಹೇಳಿದ: ಬಾಯಿ, ಸಿಟ್ಟು ಮನೆಯಲ್ಲಿಟ್ಟು ಬನ್ನಿ,
ಅರ್ಜಿಗೆ ನಾಲ್ಕೇ ಪ್ಯಾರಾ. ಜಾಸ್ತಿಯಾದರೆ ಯಾರೂ ಓದುವುದಿಲ್ಲ.
ಕಾರವಾರದ ಕಚೇರಿಯೆದುರು ಅವನ ಕಾಲು ಮುರಿದ ಮೇಜು,
ಕಾಗದ ಹಾರದಂತೆ ಮೇಲೊಂದು ಕಡಲ ಕಲ್ಲು.
ಮೂಲೆಗಳು ಮಾತ್ರ ಪಟಪಟ ಅನ್ನುತ್ತಿದ್ದವು.

ನಾನು ಹೇಳುತ್ತ ಹೋದೆ.

ನೋಟಿಸಿನಲ್ಲಿ ನನ್ನ ಹೆಸರು, ಶೇವಂತಿ ತಾಂಡೇಲ, ಪಾಲುದಾರರು.
ಬಾಕಿ ಮೂವತ್ತೆಂಟು ಸಾವಿರದ ಆರುನೂರಾ ನಲವತ್ತು,
ಅದರ ಮೇಲೆ ದಂಡ, ದಂಡದ ಮೇಲೆ ಬಡ್ಡಿ,
ಮೀನಿನ ಮೇಲೆ ಐಸು, ಐಸಿನ ಮೇಲೆ ಮೀನು ಪೇರಿಸಿದ ಹಾಗೆ.
ಬುಟ್ಟಿ ತುಂಬಿದೆ, ಒಳಗೆ ಒಂದು ಬಂಗುಡೆಯೂ ಇಲ್ಲ.

ಆ ಸಾಲು ಹೊಡೆದುಹಾಕಿದ.

ಬೈತಖೋಲದ ನಮ್ಮ ಐಸ್ ಫ್ಯಾಕ್ಟರಿ
ನೀವು ಲೆಕ್ಕ ಕೇಳುವ ವರ್ಷಗಳಿಗೆ ಮೊದಲೇ ಮುಚ್ಚಿತ್ತು.
ನಾರಳಿ ಹುಣ್ಣಿಮೆ ಕಳೆದು ದೋಣಿಗಳೆಲ್ಲ ನೀರಿಗಿಳಿದವು,
ನಮ್ಮ ಬಾಗಿಲಿಗೆ ಯಾರೂ ಬರಲಿಲ್ಲ.
ಪಕ್ಕದಲ್ಲೇ ದೊಡ್ಡ ಪ್ಲಾಂಟು, ಪುಡಿ ಮಾಡಿಯೇ ಕೊಡುತ್ತಿದ್ದರು.
ಕಂಪ್ರೆಸರು ಹುಬ್ಬಳ್ಳಿಯ ಗುಜರಿಗೆ ಹೋಯಿತು,
ಡಬ್ಬಿಗಳು ಯಾರ್ಯಾರದೋ ಅಂಗಳದಲ್ಲಿ ಅಬ್ಬಲಿಗೆ ಬೆಳೆಸಿಕೊಂಡಿವೆ.
ಅಮೋನಿಯದ ವಾಸನೆಯನ್ನು ಮಾತ್ರ
ಯಾರೂ ತೂಕಕ್ಕೆ ತೆಗೆದುಕೊಳ್ಳಲಿಲ್ಲ.

ವಾಸನೆ ಬೇಡ, ಎಂದ ರಾಯ್ಕರ. ಪುರಾವೆ ಹೇಳಿ.

ಹೆಸ್ಕಾಂನವರು ಮೀಟರು ಕಿತ್ತ ರಸೀದಿ ಇದೆ.
ಮುಚ್ಚಿದ್ದೇವೆಂದು ಬರೆದುಕೊಟ್ಟ ಪತ್ರದ ನಕಲೂ ಇದೆ,
ಅದರ ಮೇಲೆ ನಿಮ್ಮದೇ ಕಚೇರಿಯ ನೇರಳೆ ಶಿಕ್ಕೆ.
ಹದಿನಾಲ್ಕು ಎಂಬುದು ಕಾಣುತ್ತದೆ.
ತಿಂಗಳು ಇದ್ದಲ್ಲಿ ಒಂದು ಮೋಡ,
ವರ್ಷ ಇದ್ದಲ್ಲಿ ಅದರ ನೆರಳು.
ನಮ್ಮವರು ಅದನ್ನು ಅಂಗಿಯ ಕಿಸೆಯಲ್ಲಿಟ್ಟುಕೊಂಡೇ
ಕೊನೆಯ ದಿಮ್ಮಿಗಳನ್ನು ಹೆಗಲಿಗೆ ಹೊತ್ತಿದ್ದರು.

ಯಾವ ದಿಮ್ಮಿ? ಮುಚ್ಚಿದ ಮೇಲೆ?
ರಾಯ್ಕರನ ಪೆನ್ನು ನಿಂತಿತು.

ಸುಳ್ಳು ಹೇಳಲಿಕ್ಕೆ ಬರುತ್ತಿತ್ತು. ಹೇಳಲಿಲ್ಲ.
ಪತ್ರ ಕೊಟ್ಟ ಸಂಜೆ ಟಾಕಿಯಲ್ಲಿ ಎರಡು ದಿಮ್ಮಿ ಉಳಿದಿತ್ತು.
ಆ ರಾತ್ರಿ ಮಾಜಾಳಿ ಕಡೆ ಪಾತಿ ಮಗುಚಿ
ಬುಧವಂತ ಹರಿಕಂತ್ರನ ಹೆಣ ದಡಕ್ಕೆ ಬಂತು.
ಮಗಳು ರತ್ನಾಗಿರಿಯಿಂದ ಬರಬೇಕು.
ಎರಡೂ ದಿಮ್ಮಿ ಒಡೆದು, ಭತ್ತದ ಹೊಟ್ಟು ಹಾಕಿ,
ಅವನ ಸುತ್ತ ತುಂಬಿದೆವು.
ಬಿಲ್ಲು ಬರೆಯಲಿಲ್ಲ. ಯಾರ ಹೆಸರಿಗೆ ಬರೆಯುವುದು?
ಮಗಳು ಬಂದು ಮುಖ ನೋಡುವಾಗ
ಮೀಸೆಯಲ್ಲಿ ಇನ್ನೂ ಹನಿ ಇತ್ತು.
ನಾವು ತೆರಿಗೆ ತಪ್ಪಿಸಿದ್ದು ಅದೊಂದೇ.
ಅದಕ್ಕೆ ಬಡ್ಡಿ ಹಾಕುವುದಾದರೆ ಹಾಕಲಿ, ನಿಂತ ಕಾಲಲ್ಲಿ ಕೊಡುತ್ತೇನೆ.
ಉಳಿದದ್ದಕ್ಕೆ ಒಂದು ಪೈಸೆ ಇಲ್ಲ.

ರಾಯ್ಕರ ಚಾ ತರಿಸಿದ. ಒಂದೇ.
ಅರ್ಧ ಬಸಿಗೆ ಸುರಿದು ನನ್ನ ಕಡೆ ಸರಿಸಿದ.
ಆಮೇಲೆ ಬರೆದ:
ಸದರಿ ಘಟಕವು ಈ ಮೊದಲೇ ಸ್ಥಗಿತಗೊಂಡಿರುವುದರಿಂದ
ಬೇಡಿಕೆಯನ್ನು ರದ್ದುಪಡಿಸಬೇಕೆಂದು ವಿನಂತಿ.

ಅಷ್ಟು ಮಾತಿಗೆ ಉಳಿದದ್ದು ಇಷ್ಟೇ.
ಐವತ್ತು ಕಿಲೋ ದಿಮ್ಮಿ, ಬಿಸಿಲಲ್ಲಿ,
ಕೈಗಾಡಿಯ ಮೇಲೆ ಬಂದರಿಗೆ ಹೋಗುವಷ್ಟರಲ್ಲಿ
ನಲವತ್ತಾದರೂ ಉಳಿಯುತ್ತಿತ್ತು.

ಒಳಗೆ ಕಿಟಕಿಯಲ್ಲಿ ಕೂತ ಹುಡುಗ
ನಾವು ಬಾಗಿಲು ಹಾಕಿದಾಗ ಮೂರನೇ ಇಯತ್ತೆ ಇದ್ದಿರಬೇಕು.
ಹಳೆಯ ಶಿಕ್ಕೆಯನ್ನು ಬೆಳಕಿಗೆ ಹಿಡಿದ, ತಿರುಗಿಸಿದ,
ಉಗುರಿನಿಂದ ಮೋಡ ಕೆರೆಯಲು ನೋಡಿದ.
ವಿಚಾರಣೆಗೆ ತಾರೀಖು ಕೊಡ್ತಾರೆ ಅಜ್ಜಿ, ಎಂದ.
ನನ್ನ ನಕಲಿನ ಮೇಲೆ ಹೊಸ ಶಿಕ್ಕೆ ಒತ್ತಿದ.

ಮಡಚಬೇಡಿ ಅಂತ ಯಾರೂ ಹೇಳಲಿಲ್ಲ.
ಎರಡೂ ಕೈಯಲ್ಲಿ ಹಿಡಿದು ಮೆಟ್ಟಿಲ ಮೇಲೆ ನಿಂತೆ.
ಕಡಲ ಗಾಳಿ, ಒದ್ದೆ ಗಾಳಿ, ಬೇಗ ಒಣಗಿಸುವುದಿಲ್ಲ.
ಬೈತಖೋಲದ ಬಸ್ಸು ಬಂತು, ಹೋಯಿತು.