ಗುಡಿಸುತ್ತದೆಯೇ?

ಬೇಸಿಂಗ್‌ಸ್ಟೋಕಿನ ಶನಿವಾರದ ಸಂತೆಯಲ್ಲಿ
ನನ್ನ ಪಕ್ಕದ ಮಳಿಗೆ ಮರ್ವಿನ್ ಕಿಂಬರನದು.
ನನ್ನದು ಫೋನಿನ ಕವರು. ಡಜನ್ನಿಗೆ ಇಷ್ಟೆಂದು ಬಂದದ್ದು
ಒಂದಕ್ಕೆ ಅಷ್ಟೆಂದು ಹೋಗುತ್ತದೆ.
ಅವನದು ಪೊರಕೆ. ಬರೀ ಪೊರಕೆ.

ಎಲೆ ಉದುರಿದ ಜನವರಿಯಲ್ಲಿ
ಟ್ಯಾಡ್ಲಿಯ ಕಾಡಿನ ಬರ್ಚ್ ಕಡ್ಡಿ ಕೊಯ್ದು,
ತಿಂಗಳುಗಟ್ಟಲೆ ಬಣವೆ ಒಟ್ಟಿ ಒಣಗಿಸಿ,
ಮರದ ಕುದುರೆಯ ಮೇಲೆ ಕಾಲು ಚಾಚಿ ಕೂತು
ತಂತಿಯ ಎರಡು ಕಟ್ಟು ಬಿಗಿದು
ಹಿಡಿಯನ್ನು ಕುಟ್ಟಿ ಕುಟ್ಟಿ ಒಳಗಿಳಿಸುತ್ತಾನೆ.
ಇಪ್ಪತ್ತೆಂಟು ಪೌಂಡು.
ಹಡಗೇರಿ ಬಂದ ಇದರದೇ ತದ್ರೂಪು
ಎದುರಂಗಡಿಯಲ್ಲಿ ಏಳೂವರೆ.

"ಮುಟ್ಟಿ ನೋಡಿ" ಎನ್ನುತ್ತಾನೆ. ಮುಟ್ಟುತ್ತಾರೆ.
ಫೋಟೋ ತೆಗೆಯುತ್ತಾರೆ.
ಆಮೇಲೆ ಈಚೆ ಬಂದು ಆ ಫೋನಿಗೊಂದು ಕವರು ಕೊಳ್ಳುತ್ತಾರೆ.
ಹಾಗೆ ನೋಡಿದರೆ ನನ್ನ ವ್ಯಾಪಾರ ಅವನ ಪುಣ್ಯ.

ಅಕ್ಟೋಬರ್ ಬಂತೋ, ಮಾಟಗಾತಿಯರ ಸುಗ್ಗಿ.
ಕಪ್ಪು ಟೋಪಿಯ ಹುಡುಗಿಯರು ಸವಾರಿ ಮಾಡಿ ನೋಡಿ
"ಇನ್ನೂ ಹಗುರದ್ದಿಲ್ಲವೇ?"
ಜೂನಿನಲ್ಲಿ ಮದುವೆ: ಗಂಡುಹೆಣ್ಣು ಕೈಹಿಡಿದು ದಾಟುವುದಕ್ಕೆ
ಬಿಳಿ ರಿಬ್ಬನ್ನಿನದೊಂದು, ಬಾಡಿಗೆಗೆ ಸಿಗುತ್ತದೆಯೇ?
ಮಿಕ್ಕ ತಿಂಗಳು ಅವನು ನನ್ನ ಹತ್ತಿರ ಚಿಲ್ಲರೆ ಕೇಳುವುದಿಲ್ಲ.
ಮುರಿಸಲು ನೋಟು ಬೇಕಲ್ಲ.

ಪುರಸಭೆಯವರು ಮಾರಾಟದ ಪಾಠಕ್ಕೆ ಒಬ್ಬಳನ್ನು ಕಳಿಸಿದರು.
"ನೀವು ಪೊರಕೆ ಮಾರಬಾರದು, ಕಥೆ ಮಾರಬೇಕು."
ಮರುವಾರ ಮರ್ವಿನ್ ಒಂದು ಹಲಗೆ ತೂಗುಹಾಕಿದ:
ನನ್ನ ತಾತನೂ ಕಟ್ಟುತ್ತಿದ್ದ.
ಜನ ನಿಂತು ಓದಿದರು.
ಕಥೆಯನ್ನು ಬಿಟ್ಟಿಯಾಗಿ ಒಯ್ದರು.

ಮೊನ್ನೆ ಒಬ್ಬಳು ಬಂದಳು, ಕೆಸರು ಬೂಟಿನವಳು,
ಚರ್ಚಿನ ಹಿಂದಿನ ಸಮಾಧಿಗಳ ನಡುವೆ ಎಲೆ ಬಳಿಯುವವಳು.
ಹಿಡಿ ತೂಗಿ ನೋಡಿ, ಕಡ್ಡಿ ಬಗ್ಗಿಸಿ ನೋಡಿ
ಇಷ್ಟು ವರ್ಷ ಯಾರೂ ಕೇಳದ್ದನ್ನು ಕೇಳಿದಳು:
"ಗುಡಿಸುತ್ತದೆಯೇ?"

ಮರ್ವಿನ್ ಮೇಜು ಬಳಸಿ ಹೊರಗೆ ಬಂದ.
ಒದ್ದೆ ಎಲೆ, ಕಾಫಿ ಲೋಟದ ಮುಚ್ಚಳ,
ನನ್ನ ಕವರುಗಳ ಪ್ಲಾಸ್ಟಿಕ್ ಸಿಪ್ಪೆ,
ಎಲ್ಲ ಒಂದೇ ಬೀಸಿಗೆ ಸರಸರನೆ ಸರಿಯಿತು.
"ಆಹಾ" ಎಂದಳು. ಬೆಲೆ ಕೇಳಿದಳು.
"ನಮಗೆ ಗಾಳಿ ಊದುವ ಯಂತ್ರ ಕೊಟ್ಟಿದ್ದಾರೆ. ಗುತ್ತಿಗೆ.
ಬೇರೆ ಏನೂ ಕೊಳ್ಳುವ ಹಾಗಿಲ್ಲ" ಎಂದು
ಹಿಡಿಯನ್ನೊಮ್ಮೆ ಸವರಿ ಹೋದಳು.

ಅವನು ನಿಲ್ಲಿಸಲಿಲ್ಲ.
ಬೀದಿದೀಪ ಹತ್ತಿದವು, ಗುಡಿಸುತ್ತಲೇ ಇದ್ದ.
ದೀಪ ಹಚ್ಚಿದ ಮೇಲೆ ಗುಡಿಸಿದರೆ ಲಕ್ಷ್ಮಿ ಹೋಗುತ್ತಾಳೆ,
ಹೇಳೋಣವೆಂದು ಬಾಯಿ ತೆರೆದೆ.
ಅವಳು ನನ್ನ ಗಲ್ಲಾದೊಳಗೆ ಕೂತಿದ್ದಳು.
ಅವನು ಗುಡಿಸುತ್ತಿದ್ದದ್ದೂ ನನ್ನ ಮಳಿಗೆಯ ಮುಂದೆಯೇ.