ಮೂರು ಗೇಣಿಗೆ ಎರಡು ಬೆರಳು ಕಮ್ಮಿ

ಮೊದಲ ದಿನ ಹೇಳಿದ್ದು ಇಷ್ಟೇ:
ದೀಪ ಆರಿಸು, ಕಿಟಕಿ ತೆರೆ.
ನೆತ್ತಿಯ ಬೆಳಕಿಗೆ ಎಲ್ಲ ಮೂಳೆಯೂ ಒಂದೇ ಥರ.
ಪಕ್ಕದಿಂದ ಓರೆಯಾಗಿ ಬಂದರೆ ತಾನೇ
ಗೀರು, ತಗ್ಗು, ಸ್ನಾಯು ಕಚ್ಚಿ ಹಿಡಿದ ಜಾಗ.

ಮೂಳೆ ಸುಳ್ಳು ಹೇಳುವುದಿಲ್ಲ ಅಂತಾರಲ್ಲ ಮೇಡಂ?
ಹೇಳುತ್ತದೆ, ಎಂದರು ಎದಿಲ್ಬೆರ್ತಾ,
ಅವಸರದವರಿಗೆ.

ಹುವಾಮಂಗಾದ ಹಿತ್ತಲ ಕೋಣೆ. ನೀಲಿ ಬಟ್ಟೆ ಹಾಸಿದ ಮೇಜು.
ಮಣ್ಣು ಬಿಡಿಸಲು ಹಲ್ಲುಜ್ಜುವ ಬ್ರಷ್ಷು, ಬಿದಿರ ಕಡ್ಡಿ.
ತಲೆಯಿಂದ ಶುರುಮಾಡಿ ಕಾಲ್ಬೆರಳಿನವರೆಗೆ ಜೋಡಿಸಬೇಕು,
ಎಡದ್ದು ಎಡಕ್ಕೆ, ಅವನ ಎಡಕ್ಕೆ,
ನಿನ್ನದಕ್ಕಲ್ಲ.
ಎಣಿಸಿದೆ: ನೂರ ಎಂಬತ್ತೊಂದು.
ಉಳಿದದ್ದು ನರಿಗೋ, ಮಳೆಗೋ,
ಗುಂಡಿ ತೋಡಿದವರ ಸಲಿಕೆಗೋ.

ಸೊಂಟದ ಮೂಳೆಯ ಕಚ್ಚಿನಲ್ಲಿ ಹೆಬ್ಬೆರಳಿಟ್ಟೆ,
ಅಲುಗಾಡಲು ಎಡೆಯಿಲ್ಲ. ಗಂಡು, ಎಂದೆ.
ಇರಬಹುದು ಅಂತ ಬರಿ, ಎಂದರು.
ಅದೇ ಮೂಳೆಯ ಮೇಲಂಚು ಇನ್ನೂ ಬೆಸೆದಿಲ್ಲ,
ತೋಳಿನ ಗುಂಡು ತೋಳಿಗೆ ಅರೆಬರೆ ಅಂಟಿದೆ,
ಬುದ್ಧಿಹಲ್ಲು ದವಡೆಯೊಳಗೇ ಕೂತಿದೆ.
ಹದಿನಾರರಿಂದ ಹತ್ತೊಂಬತ್ತು.
ಕೋರೆಹಲ್ಲಿನ ಮೇಲೊಂದು ಅಡ್ಡಗೆರೆ,
ಉಗುರಲ್ಲಿ ಗೀರಿದ ಹಾಗೆ:
ನಾಲ್ಕರ ಆಸುಪಾಸಿನಲ್ಲಿ ಒಮ್ಮೆ
ಹೊಟ್ಟೆಗಿರಲಿಲ್ಲ, ಅಥವಾ ಜ್ವರ.

ಗೋಡೆಯ ಮೊಳೆಗೆ ಹಳೆಯದೊಂದು ಕ್ಯಾಲಿಪರ್,
ಏಡಿಯ ಕೊಂಡಿಯಂತೆ ಬಾಯಿ ತೆರೆದು.
ಅಂಥದೇ ಒಂದರಲ್ಲಿ ಮೇಡಂ ಅಜ್ಜಿಯ ತಲೆ ಅಳೆದಿದ್ದರಂತೆ
ಜಮೀನ್ದಾರನ ಅಂಗಳದಲ್ಲಿ,
ಕುರಿಗಳ ಎಣಿಕೆ ಮುಗಿದ ಮೇಲೆ.
ಹಾಳೆಯಲ್ಲಿ ಹೆಸರಿಲ್ಲ. ಹೆಣ್ಣು, ಗುಡ್ಡದವಳು, ಕೆಳದರ್ಜೆ.
ಮತ್ತೆ ಯಾಕೆ ಇಟ್ಟುಕೊಂಡಿದ್ದೀರಿ?
ಅದರಲ್ಲೂ ಮಿಲಿಮೀಟರು ಸರಿಯಾಗೇ ಇತ್ತು, ಎಂದರು.

ಗುರುವಾರ ಫೋರ್ತುನಾತಾ ಬಂದಳು, ಎರಡು ಬಸ್ಸು ಬದಲಿಸಿ,
ಉಣ್ಣೆಯ ಗಂಟಿನಲ್ಲಿ ಬೇಯಿಸಿದ ಆಲೂಗಡ್ಡೆ.
ನನ್ನ ಸಬಿನುಚಾಗೆ ಹದಿನೇಳು ತುಂಬಿತ್ತು.
ಆಲಿಕಲ್ಲು ಬಿದ್ದ ವರ್ಷ ನಾಲ್ಕು,
ಗೆಡ್ಡೆಯೆಲ್ಲ ಕೊಳೆತು ಹೋಗಿತ್ತು ಆಗ.
ನಾನು ಕೇಳಿರಲಿಲ್ಲ.
ಹಲ್ಲಿನ ಗೆರೆ ಅವಳಿಗೆ ತೋರಿಸಿಯೂ ಇರಲಿಲ್ಲ.

ಸ್ವೆಟರು ಹೆಣೆಯಲು ಅಳೆದಿದ್ದೆ, ಎಂದಳು,
ಹೆಗಲಿನಿಂದ ಮಣಿಕಟ್ಟಿಗೆ
ಮೂರು ಗೇಣಿಗೆ ಎರಡು ಬೆರಳು ಕಮ್ಮಿ.

ನಮ್ಮ ಅಳತೆ ಹಲಗೆಯನ್ನು ಪಕ್ಕಕ್ಕೆ ಸರಿಸಿದೆ.
ಅವಳ ಕೈ ಇಳಿಯಿತು, ಮೂಳೆಗೆ ಕೂದಲೆಳೆ ಮೇಲೆ,
ಮುಟ್ಟದೆ, ಕಂಬಳಿಹುಳದಂತೆ
ಗೇಣು. ಗೇಣು. ಗೇಣು.
ಸರಿಯಾಗಿ ಮೂರು.
ಬೆಳೆದಿದ್ದಾನೆ! ಎಂದು ನಕ್ಕುಬಿಟ್ಟಳು,
ನೆರೆಮನೆಯವಳಿಗೆ ಹೇಳುವ ಹಾಗೆ.

ನನಗೆ ಗೊತ್ತು. ಮಣ್ಣಿನೊಳಗೆ ಮೂಳೆ ಬೆಳೆಯುವುದಿಲ್ಲ.
ನಲವತ್ತು ವರ್ಷ ಹೊಲ ಅಗೆದ ಬೆರಳು,
ಗೆಣ್ಣು ಊದಿ, ತುದಿ ಬಾಗಿ,
ಗೇಣೇ ಕುಗ್ಗಿದೆ.
ಮೊದಲ ಪಾಠದಲ್ಲೇ ಬರುತ್ತದೆ ಇದು:
ಅಳೆಯುವ ಮುನ್ನ ಅಳೆಯುವ ಕೈಯನ್ನು ಅಳೆ.
ಮೇಡಂ ಕಡೆ ನೋಡಿದೆ. ಅವರು ಗೋಡೆಯ ಮೊಳೆ ನೋಡುತ್ತಿದ್ದರು.

ಅವಳ ಎಂಜಲಿನ ಹತ್ತಿ ರಾಜಧಾನಿಗೆ ಹೋಗಿದೆ.
ಉತ್ತರಕ್ಕೆ ಇನ್ನೂ ಮೂರು ತಿಂಗಳು.
ಅಲ್ಲಿಯವರೆಗೆ ಇವನು ಹದಿನಾಲ್ಕನೇ ಪೆಟ್ಟಿಗೆ,
ಅಲ್ಲಿಯವರೆಗೆ ಇರಬಹುದು.
ಹೌದಮ್ಮ, ಎಂದೆ, ಸ್ವಲ್ಪ ಬೆಳೆದಿದ್ದಾನೆ.

ಗಂಟು ಬಿಚ್ಚಿದಳು. ಕೈಗವಸು ಕಳಚಿದೆ.
ತಣ್ಣಗಾಗಿತ್ತು.
ಉಪ್ಪು ಜಾಸ್ತಿಯಾಯಿತೇನೋ,
ಎಂದಳು.